ವಿಕಲಚೇತನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇವೆ, ಆದರೆ ಮಾತುಕತೆಗೆ ಸೇರಿಸಿಕೊಂಡಿದ್ದೇವೆಯೇ?

ಪ್ರಶ್ನೆ: ಸಿಬ್ಬಂದಿ ಅಧಿಕಾರಿ, ಪೀಣ್ಯ

ಎಲ್ಲರಿಗೂ ನಮಸ್ಕಾರ. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ, ಸುಮಾರು ನೂರೈವತ್ತು ಜನ ದುಡಿಯುವ ಕಾರ್ಖಾನೆಯೊಂದರಲ್ಲಿ ನಾನು ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಇಬ್ಬರು ಕಿವುಡ ಹೆಣ್ಣುಮಕ್ಕಳೂ ಲೆಕ್ಕಪತ್ರ ವಿಭಾಗದಲ್ಲಿ ದೃಷ್ಟಿ ತೀರಾ ಮಂದವಾಗಿರುವ ಒಬ್ಬ ಯುವಕರೂ ಇದ್ದಾರೆ. ಮೂವರ ಕೆಲಸದ ಬಗ್ಗೆಯೂ ಯಾರ ತಕರಾರೂ ಇಲ್ಲ. ವರ್ನಿಯರ್ ಹಿಡಿದು ಅಳತೆಯಲ್ಲಿನ ಕೂದಲೆಳೆಯಷ್ಟು ವ್ಯತ್ಯಾಸವನ್ನು ಹಿಡಿಯುವುದರಲ್ಲಿ ಆ ಇಬ್ಬರನ್ನು ಮೀರಿಸುವವರು ನಮ್ಮಲ್ಲಿ ಕಡಿಮೆ.

ನನ್ನನ್ನು ಕಾಡುತ್ತಿರುವುದು ಬೇರೆಯೇ ವಿಷಯ. ಶಿಫ್ಟ್ ಆರಂಭದಲ್ಲಿ ನಡೆಯುವ ಐದು ನಿಮಿಷದ ಸಭೆಯಲ್ಲಿ ಅವರಿಬ್ಬರೂ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಸಭೆ ಮುಗಿದ ಮೇಲೆ ಪಕ್ಕದವರು ಒಂದು ಚೀಟಿಯಲ್ಲಿ ಎರಡು ಪದ ಬರೆದು ತೋರಿಸುತ್ತಾರೆ, ಅಷ್ಟೇ. ಈ ವರ್ಷ ಲೈನ್ ಲೀಡರ್ ಹುದ್ದೆಗೆ ಹೆಸರು ಸೂಚಿಸಲು ಕೇಳಿದಾಗ, ಅನುಭವದಲ್ಲಿ ಹಿರಿಯರಾದ ಅವರ ಹೆಸರು ಪಟ್ಟಿಗೇ ಬರಲಿಲ್ಲ. "ಹತ್ತು ಜನರಿಗೆ ಹೇಳಿ ಕೆಲಸ ಮಾಡಿಸಬೇಕಲ್ಲ" ಎಂಬುದು ಮೇಲ್ವಿಚಾರಕರು ಕೊಟ್ಟ ಕಾರಣ. ಅವರಿಗೆ ಸಂಬಳ ಸಿಗುತ್ತಿದೆ, ಆದರೆ ಸಂಸ್ಥೆಯೊಳಗೆ ಜಾಗ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಮೊದಲು ಏನನ್ನು ಬದಲಾಯಿಸಬೇಕು? "ಅವರಿಗೇಕೆ ವಿಶೇಷ ಸೌಲಭ್ಯ" ಎಂದು ಕೇಳುವ ಇತರ ನೌಕರರಿಗೆ ಏನು ಹೇಳಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಸಂಜ್ಞಾ ಭಾಷಾ ಇಂಟರ್‌ಪ್ರಿಟರ್, ಮೈಸೂರು

ನೀವು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದೀರಿ. ಕಾರ್ಖಾನೆಗಳಿಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಆ ಐದು ನಿಮಿಷದ ಸಭೆಯನ್ನೇ. ನಿನ್ನೆ ಎಷ್ಟು ರಿಜೆಕ್ಷನ್ ಬಂತು, ಯಾವ ಗ್ರಾಹಕರು ದೂರು ಕೊಟ್ಟರು, ಯಾವ ಅಳತೆಯ ಮೇಲೆ ಇಂದು ಹೆಚ್ಚು ಗಮನವಿರಬೇಕು ಎಂಬ ಮಾತುಗಳೆಲ್ಲ ಅಲ್ಲಿಯೇ ಬರುತ್ತವೆ. ಅದನ್ನು ಕೇಳಿಸಿಕೊಂಡವರು ಒಂದೆರಡು ವರ್ಷದಲ್ಲಿ ಇಡೀ ಲೈನನ್ನು ಅರಿತುಕೊಳ್ಳುತ್ತಾರೆ. ಚೀಟಿಯ ಎರಡು ಪದಗಳಲ್ಲಿ ಉಳಿದವರು ತಮ್ಮ ಮೇಜನ್ನಷ್ಟೇ ಅರಿತಿರುತ್ತಾರೆ. ಆಮೇಲೆ ಬಡ್ತಿಯ ಹೊತ್ತಿಗೆ "ಇವರಿಗೆ ಲೈನ್ ಗೊತ್ತಿಲ್ಲ" ಎಂಬ ಮಾತು ನಿಜವೇ ಆಗಿಬಿಟ್ಟಿರುತ್ತದೆ. ಆದರೆ ಅದು ಅವರ ಕೊರತೆಯಲ್ಲ, ಸಭೆ ನಡೆಸಿದ ರೀತಿಯ ಕೊರತೆ.

ಬರೆದು ತೋರಿಸಿದರೆ ಸಾಕು ಎಂಬ ನಂಬಿಕೆಯನ್ನೂ ಬಿಡಬೇಕಾಗುತ್ತದೆ. ಹುಟ್ಟಿನಿಂದ ಕಿವುಡರಾದ ಬಹುಪಾಲು ಮಕ್ಕಳು ಕಿವಿ ಕೇಳುವ ತಂದೆತಾಯಿಗೆ ಹುಟ್ಟಿದವರು. ಎಷ್ಟೋ ಮನೆಗಳಲ್ಲಿ ಮಾತೂ ಇಲ್ಲದೆ ಸಂಜ್ಞಾ ಭಾಷೆಯೂ ಇಲ್ಲದೆ ಅವರ ಮೊದಲ ವರ್ಷಗಳು ಕಳೆದುಹೋಗುತ್ತವೆ. ಹೀಗೆ ಬೆಳೆದವರಲ್ಲಿ ಅನೇಕರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಎರಡನೆಯ ಭಾಷೆ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಆದ್ದರಿಂದ ಉದ್ದನೆಯ ಸುತ್ತೋಲೆಯೊಂದನ್ನು ಕೈಗೆ ಕೊಟ್ಟು, ತಲೆಯಾಡಿಸಿದರೆಂದು ಅರ್ಥವಾಯಿತೆಂದು ತಿಳಿಯಬೇಡಿ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಎನ್ನುವುದೂ ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಮೀಸೆ, ಮಾಸ್ಕ್, ಹಿಂದಿನಿಂದ ಬೀಳುವ ಬೆಳಕು ಇವುಗಳಲ್ಲಿ ಒಂದಿದ್ದರೂ ಅದು ಕೆಡುತ್ತದೆ.

ಮೇಲ್ವಿಚಾರಕರು ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ನಿಲ್ಲಿಸಲಿ. ಸಾಲಾಗಿ ನಿಲ್ಲುವ ಬದಲು ಎಲ್ಲರೂ ಅರ್ಧವೃತ್ತವಾಗಿ ನಿಲ್ಲಲಿ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಲಿ. ದಿನದ ಮುಖ್ಯ ಅಂಶಗಳನ್ನು ದೋಷವಿರುವ ಭಾಗದ ಫೋಟೊ ಸಮೇತ ಗುಂಪಿನ ವಾಟ್ಸಾಪ್‌ಗೆ ಮೊದಲೇ ಹಾಕಲಿ. ತಿಂಗಳ ಪರಿಶೀಲನಾ ಸಭೆಗೆ ಮತ್ತು ತರಬೇತಿಗಳಿಗೆ ಇಂಟರ್‌ಪ್ರಿಟರ್ ಕರೆಸಿ; ಯಾರೂ ಸಿಗದ ಊರುಗಳಲ್ಲಿ ವಿಡಿಯೊ ಕರೆಯ ಮೂಲಕವೂ ಈ ಕೆಲಸ ನಡೆಯುತ್ತದೆ. ಜೊತೆಗಿರುವ ಹತ್ತು ಹನ್ನೆರಡು ಜನರು ಸಂಜ್ಞಾ ಭಾಷೆಯ ಮೊದಲ ಪಾಠ ಕಲಿಯಲಿ. ಇದಕ್ಕೆಂದೇ 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಶೋಧನಾ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು 10,000 ಪದಗಳಷ್ಟು ಬೆಳೆದಿದೆ, ಉಚಿತವಾಗಿಯೂ ಇದೆ. ಕಾರ್ಖಾನೆಯ ವಿಶೇಷ ಪದಗಳಿಗೆ ಸಂಜ್ಞೆ ಏನೆಂದು ಆ ಇಬ್ಬರು ಹೆಣ್ಣುಮಕ್ಕಳೇ ಕಲಿಸಿಕೊಡಲಿ. ಕಲಿಸುವ ಸ್ಥಾನದಲ್ಲಿ ಅವರನ್ನು ಕಂಡ ಮೇಲೆ ಲೈನ್ ಲೀಡರ್ ಸ್ಥಾನದಲ್ಲಿ ಕಲ್ಪಿಸಿಕೊಳ್ಳುವುದು ಮೇಲ್ವಿಚಾರಕರಿಗೆ ಅಷ್ಟು ಕಷ್ಟವಾಗಲಾರದು.

ಇನ್ನೊಂದು ವಿಷಯವನ್ನು ಇಂದೇ ಪರೀಕ್ಷಿಸಿ. ಬೆಂಕಿ ಬಿದ್ದಾಗ ನಿಮ್ಮಲ್ಲಿ ಸೈರನ್ ಮಾತ್ರ ಕೂಗುತ್ತದೆಯೇ, ಮಿನುಗುವ ದೀಪವೂ ಇದೆಯೇ? ಶೌಚಾಲಯ ಮತ್ತು ಉಗ್ರಾಣದೊಳಗೂ ಆ ದೀಪ ಕಾಣಬೇಕು. ಇದು ಸೌಲಭ್ಯದ ಮಾತಲ್ಲ, ಜೀವದ ಮಾತು.

ಉತ್ತರ 2: ಬ್ಯಾಂಕ್ ನೌಕರ, ಹುಬ್ಬಳ್ಳಿ

ನಾನು ದೃಷ್ಟಿ ಇಲ್ಲದವನು. ನಿಮ್ಮ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಮಂದದೃಷ್ಟಿಯವರ ಅಗತ್ಯ ನನ್ನಂಥವರ ಅಗತ್ಯಕ್ಕಿಂತ ಬೇರೆ. ಅವರಿಗೆ ದೊಡ್ಡ ಪರದೆ, ಅಕ್ಷರ ಹಿಗ್ಗಿಸುವ ತಂತ್ರಾಂಶ ಬೇಕಾಗಬಹುದು, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಆಸನ ಬೇಕಾಗಬಹುದು. ಊಹಿಸಬೇಡಿ, ಅವರನ್ನೇ ಕೇಳಿ.

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ, ನಾವು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಪತ್ರವು ನಿಮ್ಮ ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ ಅದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಷ್ಟೇ. ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಿದ ಸುತ್ತೋಲೆ ಬರೀ ಚಿತ್ರ. ಅದರಲ್ಲಿ ಓದಲು ಏನೂ ಸಿಗುವುದಿಲ್ಲ. "ಕೆಂಪು ಬಣ್ಣ ಹಚ್ಚಿರುವ ಸಾಲುಗಳನ್ನು ಸರಿಪಡಿಸಿ" ಎಂದು ಎಕ್ಸೆಲ್ ಕಡತ ಬಂದರೆ ನನಗೆ ಯಾವ ಸಾಲೂ ಕೆಂಪಲ್ಲ. ಪಕ್ಕದ ಕಾಲಮ್‌ನಲ್ಲಿ "ತಪ್ಪು" ಎಂದು ಒಂದು ಪದ ಬರೆದರೆ ಅರ್ಧ ಗಂಟೆಯ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲ ಪತ್ರಗಳನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು, ಸ್ಕ್ಯಾನ್ ಪ್ರತಿಯ ಜೊತೆ ಮೂಲ ಕಡತವನ್ನೂ ಕಳಿಸಬೇಕು ಎಂಬ ಒಂದು ಆದೇಶ ಹೊರಡಿಸಿ. ಅದಕ್ಕೆ ನಯಾಪೈಸೆ ಖರ್ಚಿಲ್ಲ.

ಮತ್ತೊಂದು ವಿನಂತಿ. ನನ್ನ ಬಗೆಗಿನ ಪ್ರಶ್ನೆಯನ್ನು ನನ್ನ ಜೊತೆ ಬಂದವರಿಗೆ ಕೇಳುವ ಅಭ್ಯಾಸ ತುಂಬ ಜನರಿಗಿದೆ. "ಸಾರ್‌ಗೆ ಟೀ ಬೇಕಂತಾ?" ಎಂದು ಪಕ್ಕದವರನ್ನು ಕೇಳಿದಾಗ ಆಗುವ ನೋವನ್ನು ಯಾವ ತಂತ್ರಾಂಶವೂ ಕಡಿಮೆ ಮಾಡಲಾರದು.

ಉತ್ತರ 3: ಉತ್ಪಾದನಾ ವಿಭಾಗ, ತುಮಕೂರು

ನಾನು ಇನ್ನೊಂದು ಬದಿಯ ಕಷ್ಟವನ್ನೂ ಹೇಳಬೇಕು. ದಿನದ ಟಾರ್ಗೆಟ್ ಮುಗಿಸುವ ಹೊಣೆ ಮೇಲ್ವಿಚಾರಕನ ತಲೆಯ ಮೇಲಿರುತ್ತದೆ. ಯಂತ್ರ ಕೆಟ್ಟು ನಿಂತಾಗ ತಕ್ಷಣ ಕೂಗಿ ಹೇಳಬೇಕಾದ ಜಾಗದಲ್ಲಿ ಕಿವುಡರೊಬ್ಬರು ಲೈನ್ ಲೀಡರ್ ಆಗಿದ್ದರೆ ತಡವಾಗುವುದಿಲ್ಲವೇ? ಉಳಿದವರಿಗಿಲ್ಲದ ರಿಯಾಯಿತಿ ಕೆಲವರಿಗೆ ಮಾತ್ರ ಸಿಕ್ಕರೆ ಗುಂಪಿನಲ್ಲಿ ಅಸಮಾಧಾನ ಹುಟ್ಟುವುದೂ ನಿಜವೇ. ಇದನ್ನು ಕಡೆಗಣಿಸಿ ಮೇಲಿನಿಂದ ಆದೇಶ ಹೇರಿದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಉತ್ತರ 4: ಕಾರ್ಮಿಕ ಕಾನೂನು ಸಲಹೆಗಾರರು, ಬೆಂಗಳೂರು

ತುಮಕೂರಿನವರ ಪ್ರಶ್ನೆ ನ್ಯಾಯವಾದದ್ದು, ಆದರೆ ರಿಯಾಯಿತಿ ಮತ್ತು ಹೊಂದಾಣಿಕೆ ಎರಡೂ ಒಂದೇ ಅಲ್ಲ. ಹತ್ತರಲ್ಲಿ ಎಂಟು ಭಾಗ ಪರೀಕ್ಷಿಸಿದರೆ ಸಾಕು ಎಂದರೆ ಅದು ರಿಯಾಯಿತಿ. ಹತ್ತನ್ನೂ ಪರೀಕ್ಷಿಸಲು ಬೇಕಾದ ಮಾಹಿತಿಯನ್ನು ಅವರಿಗೆ ತಲುಪುವ ರೂಪದಲ್ಲಿ ಕೊಡುವುದು ಹೊಂದಾಣಿಕೆ. ಎರಡನೆಯದನ್ನೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೇಳುತ್ತದೆ. ಅದು ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆಯಾಗಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ, ಸಮಂಜಸವಾದ ಹೊಂದಾಣಿಕೆಯನ್ನು ನಿರಾಕರಿಸುವುದು ತಾರತಮ್ಯ ಎಂದೂ ಹೇಳುತ್ತದೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಬಿಡಿಸಿ ಹೇಳಿದೆ: ಎಲ್ಲರಿಗೂ ಒಂದೇ ಅಳತೆಯ ವ್ಯವಸ್ಥೆ ಸಾಲದು, ಆಯಾ ವ್ಯಕ್ತಿಯ ಅಗತ್ಯವನ್ನು ನೋಡಬೇಕು ಎಂಬುದು ಅದರ ಸಾರ.

ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ಸಮಾನ ಅವಕಾಶ ನೀತಿಯನ್ನು ವಿವರವಾಗಿ ಪ್ರಕಟಿಸಬೇಕು, ಅದರ ಪ್ರತಿಯನ್ನು ವಿಕಲಚೇತನರ ಆಯುಕ್ತರಲ್ಲಿ ನೋಂದಾಯಿಸಬೇಕು, ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸಬೇಕು. ಬಡ್ತಿ ಮತ್ತು ತರಬೇತಿಯ ಆಯ್ಕೆ ಹೇಗೆ ಎಂಬುದೂ ಆ ನೀತಿಯಲ್ಲಿ ಇರಬೇಕಾದದ್ದು. ಕಾಯ್ದೆಯನ್ನು ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. "ಹತ್ತು ಜನರಿಗೆ ಹೇಳಬೇಕಲ್ಲ" ಎಂಬ ಊಹೆಯ ಮೇಲೆ ಹೆಸರು ಕೈಬಿಡುವ ಬದಲು, ಆ ಹುದ್ದೆಯ ಕೆಲಸಗಳನ್ನು ಒಂದೊಂದಾಗಿ ಬರೆದು, ಯಾವುದಕ್ಕೆ ಯಾವ ಏರ್ಪಾಡು ಬೇಕೆಂದು ಅಭ್ಯರ್ಥಿಯ ಜೊತೆ ಕುಳಿತು ನೋಡಿ. ಯಂತ್ರ ನಿಂತಾಗ ಕೂಗುವ ಬದಲು ಬಣ್ಣದ ದೀಪ ಹೊತ್ತಿಸುವ ಪದ್ಧತಿ ಕಾರ್ಖಾನೆಗಳಿಗೆ ಹೊಸದಲ್ಲ. ಗದ್ದಲದಲ್ಲಿ ಕಿವಿ ಕೇಳುವವರಿಗೂ ಕೂಗಿಗಿಂತ ಅದೇ ಬೇಗ ತಲುಪುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸೋಮವಾರ ಮೂವರ ಜೊತೆಗೂ ಪ್ರತ್ಯೇಕವಾಗಿ ಕುಳಿತು ಮಾತಾಡಲಿದ್ದೇನೆ, ಇಂಟರ್‌ಪ್ರಿಟರ್ ಒಬ್ಬರನ್ನೂ ಗೊತ್ತುಮಾಡಿದ್ದೇನೆ. ಲೈನ್ ಲೀಡರ್ ಪಟ್ಟಿಯನ್ನು ಮತ್ತೆ ತೆರೆಯಲು ಕಾರ್ಖಾನೆಯ ವ್ಯವಸ್ಥಾಪಕರು ಒಪ್ಪಿದ್ದಾರೆ. ಉಳಿದಿರುವ ಪ್ರಶ್ನೆ ಒಂದೇ: ಇಂಟರ್‌ಪ್ರಿಟರ್ ಖರ್ಚನ್ನು ಗುಣಮಟ್ಟ ವಿಭಾಗದ ಲೆಕ್ಕಕ್ಕೆ ಹಾಕಬೇಕೆಂದು ಹಣಕಾಸಿನವರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ 5: ಸಂಜ್ಞಾ ಭಾಷಾ ಇಂಟರ್‌ಪ್ರಿಟರ್, ಮೈಸೂರು

ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಖರ್ಚು ವಿಭಾಗದ ಲೆಕ್ಕಕ್ಕೆ ಬಿದ್ದರೆ ಆ ವಿಭಾಗದ ಮುಖ್ಯಸ್ಥರಿಗೆ ತಿಂಗಳ ಕೊನೆಯಲ್ಲಿ ಆ ಇಬ್ಬರು ಹೆಣ್ಣುಮಕ್ಕಳು ಒಂದು ಖರ್ಚಿನ ಬಾಬ್ತಾಗಿ ಕಾಣುತ್ತಾರೆ, ಮುಂದಿನ ಸಲ ಕಿವುಡ ಅಭ್ಯರ್ಥಿ ಬಂದಾಗ ಅವರ ಕೈ ತಾನಾಗಿಯೇ ಹಿಂಜರಿಯುತ್ತದೆ. ಕ್ಯಾಂಟೀನು, ಬಸ್ಸು, ಸುರಕ್ಷತಾ ಶೂಗಳ ಖರ್ಚು ಇಡೀ ಸಂಸ್ಥೆಯದಾಗಿರುವಂತೆ ಇದನ್ನೂ ಸಂಸ್ಥೆಯ ಸಾಮಾನ್ಯ ನಿಧಿಗೆ ಹಾಕಿಸಿ, ಸಮಾನ ಅವಕಾಶ ನೀತಿಯಲ್ಲೇ ಅದನ್ನು ಬರೆಸಿಬಿಡಿ. ಇಂಟರ್‌ಪ್ರಿಟರ್ ಬೇಕೆಂದು ಕೋರುವ ಅಧಿಕಾರ ಮೇಲ್ವಿಚಾರಕರಿಗೆ ಮಾತ್ರವಲ್ಲದೆ ಆ ನೌಕರರಿಗೂ ನೇರವಾಗಿ ಇರಬೇಕು ಎಂಬ ಒಂದು ಸಾಲನ್ನೂ ಅದರಲ್ಲಿ ಸೇರಿಸಿ.