ಅಪ್‌ಡೇಟ್: ತಿರುವಿನಲ್ಲಿ ರೀಸೆಟ್ ಆಗ್ತಿದ್ದ ನಮ್ಮ ರೋಬೋ

ಹೋದ ವಾರ ಕೇಳಿದ್ದೆನಲ್ಲ, ಸ್ಪರ್ಧೆಗೆ ನಮ್ಮ ತಂಡ ಮಾಡ್ತಿರೋ ಲೈನ್ ಫಾಲೋವರ್ (ನೆಲದ ಗೆರೆ ಹಿಡಿದು ತಾನೇ ಓಡೋ ರೋಬೋ) ನೇರ ಗೆರೆ ಮೇಲೆ ಚೆನ್ನಾಗಿ ಓಡುತ್ತೆ, ಚೂಪು ತಿರುವು ಬಂದರೆ ಮಾತ್ರ ಒಂದು ಕ್ಷಣ ಸತ್ತು ಮತ್ತೆ ಶುರುವಾಗುತ್ತೆ, ಕೋಡ್‌ನಲ್ಲಿ ಏನು ತಪ್ಪು ಅಂತ. ತಪ್ಪು ಕೋಡ್‌ನಲ್ಲಿ ಇರಲೇ ಇಲ್ಲ. ಮೂರು ರಾತ್ರಿ ಪಿಐಡಿ (ಗೆರೆಯಿಂದ ಎಷ್ಟು ಸರಿದಿದೆ ನೋಡಿ ಓಟ ತಿದ್ದೋ ಲೆಕ್ಕ) ಸಂಖ್ಯೆಗಳ ಜೊತೆ ಗುದ್ದಾಡಿದ್ದು ದಂಡ.

'ವೋಲ್ಟೇಜ್ ನೋಡಿ' ಅಂದವರಿಗೆ ದೊಡ್ಡ ನಮಸ್ಕಾರ. ಮಲ್ಟಿಮೀಟರ್‌ನಲ್ಲಿ ಏನೂ ಕಾಣಲಿಲ್ಲ. ವೋಲ್ಟೇಜ್ ಕುಸಿತ ಅದರ ಕಣ್ಣಿಗೆ ಬೀಳುವಷ್ಟು ಹೊತ್ತು ನಿಲ್ಲೋದೇ ಇಲ್ಲ. ವೋಲ್ಟೇಜಿನ ಕ್ಷಣಕ್ಷಣದ ಏರಿಳಿತವನ್ನು ಗೆರೆಯಾಗಿ ತೋರಿಸೋ ಆಸಿಲೋಸ್ಕೋಪ್‌ನ ಪ್ರೋಬನ್ನು ರೋಬೋ ನಡೆಸೋ ಬೋರ್ಡ್ ಆರ್ಡುಯಿನೋ ಊನೋದ 5 ವೋಲ್ಟ್ ಪಿನ್‌ಗೆ ಹಚ್ಚಿ ರೋಬೋ ತಿರುಗಿಸಿದಾಗ ಗೆರೆ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿಯಿತು. ಮುಂದೆ ಓಡ್ತಿರೋ ಮೋಟಾರ್‌ಗೆ ಗಕ್ಕನೆ ಹಿಂದೆ ತಿರುಗು ಅಂದರೆ ಅದು ಸ್ಟಾಲ್ ಕರೆಂಟ್‌ಗಿಂತಲೂ (ತಿರುಗದಂತೆ ಹಿಡಿದಾಗ ಮೋಟಾರ್ ಎಳೆಯೋ ಕರೆಂಟ್) ಹೆಚ್ಚು ಎಳೆಯುತ್ತೆ. ವೋಲ್ಟೇಜ್ ಸುಮಾರು 2.7ಕ್ಕಿಂತ ಕೆಳಗೆ ಹೋದರೆ ಊನೋ ಚಿಪ್ ತಾನೇ ರೀಸೆಟ್ ಆಗಿಬಿಡುತ್ತೆ.

ಮೊದಲು ಎರಡಕ್ಕೂ ಒಂದೇ ಬ್ಯಾಟರಿ ಇತ್ತು; ಈಗ ಬೋರ್ಡ್‌ಗೆ ಒಂದು ಬ್ಯಾಟರಿ, ಮೋಟಾರ್‌ಗಳಿಗೆ ಇನ್ನೊಂದು. ಮೊದಲ ಸಲ ಎರಡರ ಗ್ರೌಂಡ್ (ಮೈನಸ್ ತುದಿ) ಜೋಡಿಸೋದು ಮರೆತು (ಆ ವೈರ್ ನಾನೇ ಬಿಟ್ಟಿದ್ದು) ಚಕ್ರಗಳು ಮನಬಂದಂತೆ ಕುಣಿದವು. ಜೋಡಿಸಿದ ಮೇಲೆ ತೆಪ್ಪಗಾದವು. ದಿಕ್ಕು ಬದಲಿಸೋ ಮುಂಚೆ 20 ಮಿಲಿಸೆಕೆಂಡ್ ಮೋಟಾರ್ ಆಫ್ ಮಾಡ್ತೀವಿ.

ಮೋಟಾರ್‌ಗಳಿಗೆ ಕರೆಂಟ್ ಕೊಡೋ ಎಲ್298ಎನ್ ಡ್ರೈವರ್ ಹೆಚ್ಚುಕಮ್ಮಿ 2 ವೋಲ್ಟ್ ಬಿಸಿಯಾಗಿಯೇ ಕಳೆಯುತ್ತೆ, ಕಡಿಮೆ ನಷ್ಟದ ಮಾಸ್ಫೆಟ್ ಡ್ರೈವರ್ ಹಾಕಿ ಅಂದಿರಿ. ನಿಜ. ಆದರೆ ಸ್ಪರ್ಧೆಗೆ ನಾಲ್ಕೇ ದಿನ, ಓಡ್ತಿರೋದನ್ನು ಬಿಚ್ಚೋ ಧೈರ್ಯ ತಂಡದಲ್ಲಿ ಯಾರಿಗೂ ಇಲ್ಲ. ನಿನ್ನೆ ಸತತ 30 ಸುತ್ತು, ಒಂದೂ ರೀಸೆಟ್ ಇಲ್ಲ.