ಫೋರ್ಟಾ ಸ್ಕ್ಯಾನ್ ನೋಡ್: ಮೊದಲನೆಯದು ಓಡುತ್ತಿದೆ, ಎರಡನೆಯದು ಪೂಲ್‌ಗೆ ಸೇರುತ್ತಿಲ್ಲ

ರಾಗಿಮುದ್ದೆ64
ನಮಸ್ಕಾರ. ಬ್ಲಾಕ್‌ಚೈನ್‌ಗಳಲ್ಲಿ ಅನುಮಾನದ ವ್ಯವಹಾರ ಪತ್ತೆ ಹಚ್ಚುವ ಫೋರ್ಟಾ ಜಾಲದಲ್ಲಿ, ಬಿಎನ್‌ಬಿ ಚೈನ್ ಕಾಯುವ ಒಂದು ಸ್ಕ್ಯಾನರ್ ಪೂಲ್ (ನೋಡ್‌ಗಳ ಗುಂಪು) ನನ್ನ ಹೆಸರಲ್ಲಿದೆ, ಚೈನ್ ಐಡಿ 56. ಅದರಲ್ಲಿ ಒಂದು ನೋಡ್ (ಸ್ಕ್ಯಾನ್ ಮಾಡುವ ಯಂತ್ರ) ತಕರಾರಿಲ್ಲದೆ ನಡೆಯುತ್ತಿದೆ. ಮನೆಯಲ್ಲಿ ಖಾಲಿ ಬಿದ್ದಿದ್ದ ಇನ್ನೊಂದು ಪಿಸಿಗೆ ಉಬುಂಟು 22.04 ಹಾಕಿ ಎರಡನೇ ನೋಡ್ ಶುರು ಮಾಡಿದೆ. 4 ಕೋರ್, 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದೆ. 'ಫೋರ್ಟಾ ಇನಿಟ್' ಆಯ್ತು, ಹೊಸ ಸ್ಕ್ಯಾನರ್ ವಿಳಾಸ ಬಂತು. 'ಫೋರ್ಟಾ ಅಥರೈಜ್ ಪೂಲ್' ಕೊಟ್ಟರೆ ಉದ್ದದ ಸಹಿಯೂ ಬರುತ್ತದೆ. ಆದರೆ ಅದನ್ನು ಆ್ಯಪ್‌ನಲ್ಲಿ ಅಂಟಿಸಿದ ತಕ್ಷಣ ವಾಲೆಟ್ "ಈ ವ್ಯವಹಾರ ವಿಫಲವಾಗಬಹುದು" ಅನ್ನುತ್ತದೆ. ಯಾಕೆ ಅಂತ ಮಾತ್ರ ಹೇಳಲ್ಲ. ಗ್ಯಾಸ್‌ಗೆ (ವ್ಯವಹಾರದ ಶುಲ್ಕಕ್ಕೆ) ಪಾಲಿಗನ್ ಚೈನ್‌ನಲ್ಲಿ ಸಾಕಷ್ಟು ದುಡ್ಡಿದೆ. ಹೊಸ ಸ್ಕ್ಯಾನರ್ ವಿಳಾಸಕ್ಕೂ ಗ್ಯಾಸ್ ಹಾಕಬೇಕಾ?

ಬಯಲುಸೀಮೆ_ರೂಟ್
ಸ್ಕ್ಯಾನರ್ ವಿಳಾಸಕ್ಕೆ ಏನೂ ಹಾಕಬೇಡಿ. ಅದು ಸಹಿ ಮಾಡುತ್ತದೆ ಅಷ್ಟೇ. ಗ್ಯಾಸ್ ಕೊಡುವುದು ಪೂಲ್ ಮಾಲೀಕರ ವಾಲೆಟ್. ನೋಡ್ ಯಾವ ಚೈನ್ ಕಾದರೂ ನೋಂದಣಿ ಪುಸ್ತಕ ಇರುವುದು ಪಾಲಿಗನ್ ಮೇಲೆ, ಅದು ನಿಮಗೆ ಗೊತ್ತೇ ಇದೆ. ಹಳೇ ಲೇಖನಗಳಲ್ಲಿ ಸ್ಕ್ಯಾನರ್‌ಗೂ ಮ್ಯಾಟಿಕ್ (ಪಾಲಿಗನ್‌ನ ಆಗಿನ ಟೋಕನ್) ಹಾಕಿ ಅಂತಿರುತ್ತದೆ. ಅದು 2023ರಲ್ಲಿ ಪೂಲ್ ಪದ್ಧತಿ ಬರುವ ಮುಂಚಿನ ಮಾತು, ನಂಬಬೇಡಿ.

ಮೊದಲು ಮೂರು ವಿಷಯ ನೋಡಿ. ಕಾನ್ಫಿಗ್ ಫೈಲ್‌ನಲ್ಲಿ ಚೈನ್ ಐಡಿ 56 ಅಂತಲೇ ಇದೆಯಾ? ಪೂಲ್ ಯಾವ ವಾಲೆಟ್ ಹೆಸರಲ್ಲಿದೆಯೋ ಅದರಿಂದಲೇ ಕಳಿಸುತ್ತಿದ್ದೀರಾ? ಯಂತ್ರದ ಗಡಿಯಾರ ಸರಿ ಇದೆಯಾ? ಸಹಿಯೊಳಗೆ ಸಮಯವೂ ಸೇರಿರುತ್ತದೆ. ಸಹಿ ಹಳೆಯದಾದರೆ ಕಾಂಟ್ರಾಕ್ಟ್ (ಚೈನ್ ಮೇಲೆ ನೋಂದಣಿ ನಡೆಸುವ ಪ್ರೋಗ್ರಾಂ) ತಡವಾಯ್ತು ಅಂತ ವಾಪಸ್ ಕಳಿಸುತ್ತದೆ. ಬಹಳ ದಿನ ಆಫ್ ಆಗಿದ್ದ ಪಿಸಿಯಲ್ಲಿ ಮದರ್‌ಬೋರ್ಡ್‌ನ ಸಿಮಾಸ್ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿರೋದು ಮಾಮೂಲು. 'ಟೈಮ್‌ಡೇಟ್‌ಸಿಟಿಎಲ್' ಏನು ಹೇಳುತ್ತದೆ ಹಾಕಿ.

ರಾಗಿಮುದ್ದೆ64
ಗಡಿಯಾರ ಸಿಂಕ್ ಆಗಿದೆ. ಚೈನ್ ಐಡಿ 56, ವಾಲೆಟ್ ಅದೇ. ಹೊಸ ಸಹಿ ತೆಗೆದು ತಕ್ಷಣ ಅಂಟಿಸಿದರೂ ಅದೇ ಕಥೆ.

ಮಳೆಬೆಕ್ಕು
ಪೂಲ್‌ನಲ್ಲಿ ಫೋರ್ಟ್ (ಫೋರ್ಟಾದ ಟೋಕನ್) ಠೇವಣಿ ಎಷ್ಟು ಇಟ್ಟಿದ್ದೀರಿ? ಅದನ್ನು ಯಾರೂ ಕೇಳಲೇ ಇಲ್ಲ ಅಲ್ವಾ.

ರಾಗಿಮುದ್ದೆ64
2,600. ಒಂದು ಪೂಲ್‌ಗೆ 2,500 ಸಾಕು ಅಂದುಕೊಂಡಿದ್ದೆ.

ಮಳೆಬೆಕ್ಕು
ಸಿಕ್ಕಿತು ನೋಡಿ. 2,500 ಅನ್ನುವುದು ಒಂದೊಂದು ನೋಡ್‌ಗೆ, ಪೂಲ್‌ಗಲ್ಲ. ಇಟ್ಟ ಮೊತ್ತವನ್ನು ಪೂಲ್‌ನಲ್ಲಿರುವ ನೋಡ್‌ಗಳಿಗೆ ಸಮನಾಗಿ ಹಂಚಿ ಲೆಕ್ಕ ಹಾಕುತ್ತಾರೆ. ಎರಡನೆಯದು ಒಳಗೆ ಬಂದರೆ ತಲಾ 1,300 ಆಗುತ್ತದೆ. ಆಗ ಹೊಸದು ಮಾತ್ರ ಅಲ್ಲ, ಚೆನ್ನಾಗಿ ನಡೆಯುತ್ತಿರುವ ಹಳೆಯದೂ ಮಿತಿಗಿಂತ ಕೆಳಗಿಳಿದು ನಿಲ್ಲುತ್ತದೆ. ಅದಕ್ಕೇ ಕಾಂಟ್ರಾಕ್ಟ್ ಬಾಗಿಲಲ್ಲೇ ತಡೆಯುತ್ತದೆ. ಈ ದೋಷದ ಹೆಸರೇ 'ಆಕ್ಷನ್ ಶಟ್ಸ್ ಡೌನ್ ಪೂಲ್'. ವಾಲೆಟ್ ಅದನ್ನು ತೋರಿಸಿದ್ದರೆ ಇಷ್ಟು ಹೊತ್ತು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಪಾಲಿಗನ್ ದಾಖಲೆ ತೋರಿಸುವ ಪಾಲಿಗನ್‌ಸ್ಕ್ಯಾನ್ ತಾಣದಲ್ಲಿ ಸ್ಕ್ಯಾನರ್ ಪೂಲ್ ರಿಜಿಸ್ಟ್ರಿ ಕಾಂಟ್ರಾಕ್ಟ್ ತೆಗೆದು 'ರೀಡ್ ಆ್ಯಸ್ ಪ್ರಾಕ್ಸಿ' ಒತ್ತಿ. ಬರೀ 'ರೀಡ್' ಒತ್ತಿದರೆ ಬೇಕಾದ್ದು ಸಿಗಲ್ಲ. ಅಲ್ಲಿ 'ವಿಲ್ ನ್ಯೂ ಸ್ಕ್ಯಾನರ್ ಶಟ್‌ಡೌನ್ ಪೂಲ್' ಅಂತ ಒಂದು ಪ್ರಶ್ನೆ ಇದೆ. ನಿಮ್ಮ ಪೂಲ್ ಐಡಿ ಕೊಡಿ. 'ಟ್ರೂ' ಬಂದರೆ ಇದೇ ರೋಗ. ಓದುವುದಕ್ಕೆ ಗ್ಯಾಸ್ ಬೇಕಿಲ್ಲ.

ರಾಗಿಮುದ್ದೆ64
'ಟ್ರೂ' ಬಂತು! ಇನ್ನೂ 2,400 ಟೋಕನ್ ಪಾಲಿಗನ್‌ಗೆ ಬ್ರಿಡ್ಜ್ ಮಾಡಿ (ಬೇರೆ ಚೈನ್‌ನಿಂದ ದಾಟಿಸಿ) ಸೇರಿಸಿದೆ, ಈಗ 'ಫಾಲ್ಸ್'. ನೋಂದಣಿ ಒಂದೇ ಸಲಕ್ಕೆ ಆಯ್ತು.

ಆದರೆ ನೋಡ್ ಓಡಿಸಿದರೆ ಕೆಲವು ಬಾಟ್ (ನೋಡ್‌ನೊಳಗೆ ಓಡುವ ಪತ್ತೆ ಪ್ರೋಗ್ರಾಂ) ಏಳುತ್ತವೆ, ಉಳಿದವು ಏಳಲ್ಲ. ಲಾಗ್‌ನಲ್ಲಿ "ನೆಟ್‌ವರ್ಕ್‌ಗೆ ಕೊಡಲು ಬಳಕೆಯಲ್ಲಿಲ್ಲದ ಐಪಿವಿ4 ವಿಳಾಸದ ಗುಂಪು ಸಿಗಲಿಲ್ಲ" ಅನ್ನುವ ಅರ್ಥದ ಸಾಲು ಮತ್ತೆ ಮತ್ತೆ ಬರುತ್ತಿದೆ. ನನ್ನ ಕಡೆ ಇಂಟರ್‌ನೆಟ್ ಕಂಪನಿ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರಗಿನ ಐಪಿ) ಹಿಂದೆ ಇಟ್ಟಿದೆ, ಅದರಿಂದಲಾ?

ಬಯಲುಸೀಮೆ_ರೂಟ್
ಸಿಜಿನ್ಯಾಟ್ ಪಾಪದ್ದು, ಅದನ್ನು ಬಿಡಿ. ಇದು ಡಾಕರ್ ಸಮಸ್ಯೆ, ಅಂದರೆ ಬಾಟ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್‌ನದು. ಫೋರ್ಟಾ ಒಂದೊಂದು ಬಾಟ್‌ಗೂ ಬೇರೆ ಬೇರೆ ನೆಟ್‌ವರ್ಕ್ ಮಾಡುತ್ತದೆ, ಒಂದರ ಗಲಾಟೆ ಇನ್ನೊಂದಕ್ಕೆ ತಟ್ಟಬಾರದು ಅಂತ. ಡಾಕರ್ ಹತ್ತಿರ ತಾನಾಗಿ ಇರುವುದು ಸುಮಾರು ಮೂವತ್ತು ನೆಟ್‌ವರ್ಕ್‌ಗಾಗುವಷ್ಟು ವಿಳಾಸ. ಅದು ಮುಗಿಯಿತು, ಉಳಿದ ಬಾಟ್‌ಗಳು ಹೊರಗೇ ಉಳಿದವು.

'ಇಟಿಸಿ/ಡಾಕರ್' ಒಳಗಿನ 'ಡೀಮನ್.ಜೇಸನ್' ಫೈಲ್‌ನಲ್ಲಿ 'ಡಿಫಾಲ್ಟ್-ಅಡ್ರೆಸ್-ಪೂಲ್ಸ್' ಸೇರಿಸಿ. ಬೇಸ್ 10.99.0.0/16, ಸೈಜ್ 24 ಕೊಡಿ. 256 ನೆಟ್‌ವರ್ಕ್ ಸಿಗುತ್ತದೆ, ಬೇಕಾದಷ್ಟಾಯ್ತು. ಬೇರೆಯವರ ಉದಾಹರಣೆಗಳಲ್ಲಿ 192.168.0.0/16 ಕೂಡ ಇರುತ್ತದೆ. ಮನೆಯ ಯಂತ್ರಕ್ಕೆ ಅದನ್ನು ಹಾಕಲೇಬೇಡಿ. ನಿಮ್ಮ ರೂಟರ್ 192.168.1.1 ಆಗಿದ್ದು ಡಾಕರ್ ಕೂಡ ಅದೇ ಸಾಲು ಹಿಡಿದರೆ ಎಸ್‌ಎಸ್‌ಎಚ್ (ಬೇರೆ ಯಂತ್ರದಿಂದ ಲಾಗಿನ್) ಕೈಕೊಡುತ್ತದೆ. ಆಮೇಲೆ ಮಾನಿಟರ್, ಕೀಬೋರ್ಡ್ ಹುಡುಕಿಕೊಂಡು ಓಡಾಡಬೇಕು.

ಫೋರ್ಟಾ ನಿಲ್ಲಿಸಿ, 'ಡಾಕರ್ ನೆಟ್‌ವರ್ಕ್ ಪ್ರೂನ್' ಮಾಡಿ, ಡಾಕರ್ ರೀಸ್ಟಾರ್ಟ್ ಮಾಡಿ, ಆಮೇಲೆ ಫೋರ್ಟಾ ಹತ್ತಿಸಿ. ಪ್ರೂನ್ ಬಿಡಬೇಡಿ. ಹಳೇ ನೆಟ್‌ವರ್ಕ್‌ಗಳು ಹಳೇ ವಿಳಾಸದಲ್ಲೇ ಕೂತಿರುತ್ತವೆ, ಹೊಸ ನಿಯಮ ಹೊಸದಕ್ಕೆ ಮಾತ್ರ. ಡಾಕರ್ ಏಳಲೇ ಇಲ್ಲ ಅಂದರೆ ಜೇಸನ್‌ನಲ್ಲಿ ಕಾಮಾ ನೋಡಿ, ಹತ್ತಕ್ಕೆ ಒಂಬತ್ತು ಸಲ ಅದೇ.

ರಾಗಿಮುದ್ದೆ64
ಎಲ್ಲ ಬಾಟ್‌ಗಳೂ ಎದ್ದವು. 'ಫೋರ್ಟಾ ಸ್ಟೇಟಸ್' ಕೊಟ್ಟರೆ ಎಲ್ಲ ಹಸಿರು. ಇಬ್ಬರಿಗೂ ಥ್ಯಾಂಕ್ಸ್. ಕೊನೇ ಪ್ರಶ್ನೆ: ಕರೆಂಟ್ ಹೋದರೆ ಇರಲಿ ಅಂತ ಇದೇ ಸ್ಕ್ಯಾನರ್ ಕೀಯನ್ನು ಇನ್ನೊಂದು ಲ್ಯಾಪ್‌ಟಾಪ್‌ಗೆ ಹಾಕಿ ಓಡಿಸುತ್ತಾ ಇಡಬಹುದಾ?

ಮಳೆಬೆಕ್ಕು
ಬೇಡವೇ ಬೇಡ. ಒಂದೇ ಕೀಯಲ್ಲಿ ಎರಡು ಯಂತ್ರ ಏಕಕಾಲಕ್ಕೆ ಮಾತಾಡಬಾರದು. ಕೀ ಫೋಲ್ಡರ್ ಮತ್ತು ಪಾಸ್‌ಫ್ರೇಸ್ ಎರಡನ್ನೂ ಬೇರೆ ಬೇರೆ ಕಡೆ ಬ್ಯಾಕಪ್ ಇಡಿ, ಅಷ್ಟೇ. ಕರೆಂಟ್ ಚಿಂತೆಗೆ ಯುಪಿಎಸ್ ತಗೊಳ್ಳಿ, ರೂಟರ್‌ನೂ ಅದಕ್ಕೇ ಸಿಗಿಸಿ. ಪಾಸ್‌ಫ್ರೇಸನ್ನು ಸಿಸ್ಟಮ್‌ಡಿಯ (ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ವ್ಯವಸ್ಥೆಯ) ಎನ್ವಿರಾನ್‌ಮೆಂಟ್ ಫೈಲ್‌ನಲ್ಲಿ ಹಾಕಿ ಸರ್ವಿಸ್ ಎನೇಬಲ್ ಮಾಡಿದ್ದೀರಾ? ಇಲ್ಲದಿದ್ದರೆ ಕರೆಂಟ್ ಬಂದರೂ ನೋಡ್ ತಾನಾಗಿ ಏಳಲ್ಲ.