ಅಪ್‌ಡೇಟ್: ಎಂಜಿನ್ ಸರಿಹೋಯ್ತು, ತಪ್ಪು ನೀಡಲ್‌ದ್ದಲ್ಲ

ಹೋದ ವಾರ ಕೇಳಿದ್ದೆ: ನನ್ನ ಮಾಡೆಲ್ ವಿಮಾನದ 20 ಸಿಸಿ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಚೆನ್ನಾಗಿರುತ್ತೆ, ಥ್ರಾಟಲ್ ಕೊಟ್ಟರೆ ಕೆಮ್ಮಿ ನಿಲ್ಲುತ್ತೆ, ಯಾಕೆ ಅಂತ. ಜಾಸ್ತಿ ಜನ ಲೋ ನೀಡಲ್ (ಕಾರ್ಬ್ಯುರೇಟರ್‌ನಲ್ಲಿ ಕಡಿಮೆ ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸ್ಕ್ರೂ) ಸ್ವಲ್ಪ ಬಿಚ್ಚಿ ಅಂದಿರಿ. ಬಿಚ್ಚಿದೆ. ಪ್ಲಗ್‌ಗೆ ಮಸಿ ಹಿಡಿಯಿತೇ ಹೊರತು ಬೇರೇನೂ ಆಗಲಿಲ್ಲ.

ಒಬ್ಬರು ಮಾತ್ರ "ಪೈಪ್‌ನಲ್ಲಿ ಗುಳ್ಳೆ ಬರುತ್ತಾ ನೋಡಿ" ಅಂದಿದ್ದರು. ಬರುತ್ತಿತ್ತು! ಟ್ಯಾಂಕ್ ಬಿಚ್ಚಿದೆ. ಒಳಗಿನ ಸಿಲಿಕಾನ್ ಪೈಪ್ ನೆನೆದ ಶಾವಿಗೆ ಥರ ಊದಿ, ಕ್ಲಂಕ್‌ನಿಂದ (ಟ್ಯಾಂಕ್ ಒಳಗೆ ಪೆಟ್ರೋಲ್ ಹೀರುವ ಭಾರದ ತುದಿ) ಅರ್ಧ ಕಳಚಿಕೊಂಡಿತ್ತು. ಪೆಟ್ರೋಲ್ ಜೊತೆ ಗಾಳಿಯನ್ನೂ ಎಳೀತಿತ್ತು. ಮೆಥನಾಲ್‌ನಲ್ಲಿ ಓಡುವ ಹಳೇ ಗ್ಲೋ ಎಂಜಿನ್ ವಿಮಾನದ ಟ್ಯಾಂಕನ್ನೇ ಸುಮ್ನೆ ಹಾಕಿದ್ದು ನನ್ನದೇ ತಪ್ಪು. ಮೆಥನಾಲ್‌ಗೆ ಸಿಲಿಕಾನ್ ನಡೆಯುತ್ತೆ, ಪೆಟ್ರೋಲ್‌ಗೆ ಆಗಲ್ಲ. ಈಗ ಪೆಟ್ರೋಲ್‌ಗೆಂದೇ ಬರುವ ಹಳದಿ ಟೈಗಾನ್ ಪೈಪ್ ಹಾಕಿದ್ದೇನೆ.

ಹಾಗೇ ಎಂಜಿನ್ ತಣ್ಣಗಿದ್ದಾಗ ವಾಲ್ವ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಕೂಡ ನೋಡಿದೆ. ಎಗ್ಸಾಸ್ಟ್ ಕಡೆ ಗ್ಯಾಪ್ ಇರಲೇ ಇಲ್ಲ! ಸರಿ ಮಾಡಿದ ಮೇಲೆ ಚೋಕ್ ಎಳೆದು ನಾಲ್ಕು ಸಲ ತಿರುಗಿಸಿದರೆ ಸಾಕು, ಸ್ಟಾರ್ಟ್ ಆಗುತ್ತೆ. ನೀಡಲ್‌ಗಳನ್ನು ಮೊದಲಿದ್ದ ಜಾಗಕ್ಕೇ ತಂದೆ. ಆಮೇಲೆ ಫುಲ್ ಥ್ರಾಟಲ್‌ನಲ್ಲಿ ಹೈ ನೀಡಲ್‌ನಿಂದ (ಹೆಚ್ಚು ವೇಗದ ಪೆಟ್ರೋಲ್ ಹೊಂದಿಸುವ ಸ್ಕ್ರೂ) ಆರ್‌ಪಿಎಂ ತುದಿ ಮುಟ್ಟಿಸಿ, ಸ್ವಲ್ಪ ಇಳಿಯುವಷ್ಟು ವಾಪಸ್ ಬಿಚ್ಚಿದೆ. ನನ್ನ ತಮ್ಮ ವಿಮಾನವನ್ನು ಹಿಂದಿನಿಂದ ಹಿಡಿದು ಅದರ ಮೂಗು ಮೇಲೆತ್ತಿದರೂ ಸದ್ದು ಬದಲಾಗಲಿಲ್ಲ.

ಗುಳ್ಳೆ ನೋಡಿ ಅಂದವರಿಗೆ ಒಂದು ಕಾಫಿ ಬಾಕಿ.